ಗಾದೆ ನಿಂತ ನೆಲ

ಗಾದೆಯ ಮಾತನ್ನು ವಿಸ್ತರಿಸಿ ಬರೆಯಿರಿ ಎಂಬ ಪ್ರಶ್ನೆಗೆ ಒಮ್ಮೆಯೂ ಉತ್ತರ ಬರೆಯದೆ ಹತ್ತನೆಯ ತರಗತಿ ದಾಟಿದ ಕನ್ನಡದ ವಿದ್ಯಾರ್ಥಿ ಸಿಗುವುದು ಕಷ್ಟ. ಗಾದೆ ವೇದಕ್ಕೆ ಸಮಾನವೆಂಬ ಪೀಠಿಕೆ, ನಡುವೆ ಒಂದು ಪುಟ್ಟ ಕಥೆ, ಕೊನೆಗೆ ಒಂದು ನೀತಿ. ಅಷ್ಟಾದರೆ ಅಂಕ ಖಚಿತ. ಪೂರ್ವ ಆಫ್ರಿಕದ ಕೀನ್ಯಾ ದೇಶದ ಪ್ರೌಢಶಾಲೆಗಳಲ್ಲಿಯೂ ಇಂಥದೇ ಪದ್ಧತಿಯಿದೆ. ಸ್ವಾಹಿಲಿ ಭಾಷೆಯ ಪರೀಕ್ಷೆಯಲ್ಲಿ ಒಂದು ಗಾದೆಯನ್ನು ಕೊಟ್ಟು, ಅದರ ಸತ್ಯವನ್ನು ತೋರಿಸುವ ಕಥೆ ಬರೆಯುವಂತೆ ಕೇಳುವುದು ಅಲ್ಲಿನ ವಾಡಿಕೆ. ಎರಡೂ ಕಡೆ ಮಕ್ಕಳು ಕಲಿಯುವುದು ಒಂದನ್ನೇ: ಗಾದೆಯೆಂದರೆ ಎಲ್ಲಿಗೂ ಸಲ್ಲುವ, ಎಲ್ಲರಿಗೂ ಸಲ್ಲುವ ಬುದ್ಧಿಮಾತು. ಅದು ಯಾವ ಹೊಲದ ಬದುವಿನಲ್ಲಿ ಹುಟ್ಟಿತು, ಯಾರು ಯಾರಿಗೆ ಹೇಳಿದರು, ಹೇಳಿದ್ದರಿಂದ ಯಾರಿಗೆ ಅನುಕೂಲವಾಯಿತು ಎಂಬ ಪ್ರಶ್ನೆಗಳಿಗೆ ಪರೀಕ್ಷೆಯಲ್ಲಿ ಅಂಕವಿಲ್ಲ. ಪಶ್ಚಿಮ ಕೀನ್ಯಾದ ಲುಹ್ಯಾ ಜನರ ನಡುವೆ ಬಳಕೆಯಲ್ಲಿರುವ ಗಾದೆ, ನಾಣ್ಣುಡಿ, ನಂಬಿಕೆಯ ಮಾತುಗಳನ್ನು ಈ ಪ್ರಶ್ನೆಗಳ ಜೊತೆಗಿಟ್ಟು ನೋಡಿದರೆ ಬೇರೆಯೇ ಒಂದು ಚಿತ್ರ ಕಾಣುತ್ತದೆ. ಬೆಟ್ಟದ ಊರುಗಳಲ್ಲಿ ಬದುಕುವವರಿಗೆ ಅದು ಅಪರಿಚಿತವೇನೂ ಆಗಲಾರದು.

ವಿಕ್ಟೋರಿಯಾ ಸರೋವರದ ಉತ್ತರಕ್ಕೆ, ಎಲ್ಗನ್ ಪರ್ವತದ ತಪ್ಪಲಿನವರೆಗೆ ಹರಡಿರುವ ಎತ್ತರದ ನಾಡು ಲುಹ್ಯಾ ಜನರದು. ಕಾಕಮೆಗಾ, ವಿಹಿಗಾ, ಬುಂಗೋಮಾ, ಬುಸಿಯಾ ಅಲ್ಲಿನ ಮುಖ್ಯ ಜಿಲ್ಲೆಗಳು. 2019ರ ಜನಗಣತಿಯಲ್ಲಿ ಅವರ ಸಂಖ್ಯೆ 68 ಲಕ್ಷವನ್ನು ದಾಟಿತ್ತು. ಕಿಕುಯು ಜನರ ನಂತರ ಕೀನ್ಯಾದ ಎರಡನೆಯ ದೊಡ್ಡ ಸಮುದಾಯ ಅವರದು. ಆದರೆ ಲುಹ್ಯಾ ಎಂಬುದು ಒಂದೇ ಕುಲವೂ ಅಲ್ಲ, ಒಂದೇ ಭಾಷೆಯೂ ಅಲ್ಲ. ಬುಕುಸು, ಮರಗೋಲಿ, ವಂಗಾ, ಇಸುಖಾ, ಇದಖೋ, ತಿರಿಕಿ, ಬನ್ಯೋರೆ ಮೊದಲಾದ ಸುಮಾರು 18 ಬಳಗಗಳು ಇಪ್ಪತ್ತನೆಯ ಶತಮಾನದಲ್ಲಿ ಈ ಸಾಮಾನ್ಯ ಹೆಸರಿನಡಿ ಒಂದಾದವು. ಪಕ್ಕದ ಬಳಗದ ಮಾತು ಸಲೀಸಾಗಿ ತಿಳಿಯುತ್ತದೆ, ದೂರದ್ದು ತಿಣುಕಿದರೆ ತಿಳಿಯುತ್ತದೆ. ಎಲ್ಲರನ್ನೂ ಬೆಸೆಯುವ ಒಂದು ಪದವಿದೆ: ಮುಲೆಂಬೆ. ಅದರ ಅರ್ಥ ಶಾಂತಿ. ಎದುರಾದವರಿಗೆ ಹೇಳುವ ನಮಸ್ಕಾರವೂ ಅದೇ. ಇದರ ಮೇಲೆ ಶಾಲೆ, ಸಂತೆ, ಬಸ್ಸುಗಳ ಭಾಷೆಯಾಗಿ ಸ್ವಾಹಿಲಿ ಬಂದು ಕುಳಿತಿದೆ. ಹೀಗಾಗಿ ಇಂದಿನ ಲುಹ್ಯಾ ಮನೆಯೊಂದರಲ್ಲಿ ಅಜ್ಜಿಯ ನುಡಿಯ ಗಾದೆಯೂ ಶಾಲೆಯ ಸ್ವಾಹಿಲಿ ಗಾದೆಯೂ ಒಂದೇ ಒಲೆಯ ಸುತ್ತ ಕೂತಿರುತ್ತವೆ.

ಲುಹ್ಯಾ ನಾಡಿನ ಅತಿ ಚಿಕ್ಕ ನಾಣ್ಣುಡಿಗಳನ್ನು ಹುಡುಕಬೇಕಾದದ್ದು ಗಾದೆಯ ಪುಸ್ತಕದಲ್ಲಲ್ಲ, ಶಾಲೆಯ ಹಾಜರಿ ಪುಸ್ತಕದಲ್ಲಿ. ಮಗು ಹುಟ್ಟಿದ ಕಾಲವೇ ಮಗುವಿನ ಹೆಸರಾಗುವುದು ಅಲ್ಲಿನ, ವಿಶೇಷವಾಗಿ ಬುಕುಸು ಬಳಗದ ಪದ್ಧತಿ. ಮಳೆಯಲ್ಲಿ ಹುಟ್ಟಿದ ಗಂಡುಮಗು ವಾಫುಲಾ, ಹೆಣ್ಣುಮಗು ನಾಫುಲಾ. ಸುಗ್ಗಿಯಲ್ಲಿ ಹುಟ್ಟಿದವರು ವೆಕೆಸಾ ಮತ್ತು ನೆಕೆಸಾ. ಬೇಸಗೆಯ ಒಣಹವೆಯಲ್ಲಿ ಹುಟ್ಟಿದವರು ಸಿಮಿಯು ಮತ್ತು ನಸಿಮಿಯು. ಕಣಜ ಬರಿದಾದ ಹಸಿವಿನ ತಿಂಗಳಲ್ಲಿ ಹುಟ್ಟಿದವರು ವಂಜಾಲಾ ಮತ್ತು ನಂಜಾಲಾ. ಸುಗ್ಗಿ ಮುಗಿದು ಧಾನ್ಯದ ಮದ್ಯ ಕಾಸುವ ದಿನಗಳಲ್ಲಿ ಹುಟ್ಟಿದವರು ವಮಾಲ್ವಾ ಮತ್ತು ನಮಾಲ್ವಾ. (2003ರಲ್ಲಿ ಕೀನ್ಯಾದ ಉಪರಾಷ್ಟ್ರಪತಿಯಾಗಿದ್ದು ಆ ವರ್ಷವೇ ತೀರಿಕೊಂಡ ಮೈಕೆಲ್ ಕಿಜಾನಾ ವಮಾಲ್ವಾ ಅವರ ಹೆಸರಿನಲ್ಲಿದ್ದುದೂ ಇದೇ ಮದ್ಯ. ಅದರಿಂದ ಅವರ ಗೌರವಕ್ಕೇನೂ ಕುಂದು ಬರಲಿಲ್ಲ.) ಹಸಿವೆಂಬ ಹೆಸರನ್ನು ಹೊತ್ತು ತಿರುಗುವುದರಲ್ಲಿ ಅವಮಾನವಿಲ್ಲ. ಬರಗಾಲವನ್ನು ಮುಚ್ಚಿಡದೆ ಮನೆಯೊಳಗೆ ಕೂರಿಸಿಕೊಂಡ ಜನ ಅವರು.

ಈ ಹೆಸರುಗಳ ಹಿಂದೆ ಒಂದು ಬೆಳೆಯ ಪಂಚಾಂಗವಿದೆ. ವರ್ಷಕ್ಕೆ ಎರಡು ಮಳೆಗಾಲ, ಮಾರ್ಚಿಯಲ್ಲಿ ತೊಡಗುವ ದೀರ್ಘ ಮಳೆ, ವರ್ಷದ ಕೊನೆಯತ್ತ ಬರುವ ಕಿರುಮಳೆ. ಮೆಕ್ಕೆಜೋಳ ಬಂದು ಆವರಿಸುವುದಕ್ಕೆ ಮುಂಚೆ ಆ ನಾಡಿನ ಹೊಟ್ಟೆ ಹೊರೆದದ್ದು ಜೋಳ ಮತ್ತು ರಾಗಿ. ಬುಕುಸು ಮಾತಿನಲ್ಲಿ ರಾಗಿಗೆ ಬುಲೊ ಎನ್ನುತ್ತಾರೆ. ಇಲ್ಲಿ ಕನ್ನಡ ನಾಡಿಗೂ ಲುಹ್ಯಾ ನಾಡಿಗೂ ಒಂದು ನಿಜವಾದ ನಂಟಿದೆ. ರಾಗಿಯ ಕಾಡು ಪೂರ್ವಜ ಬೆಳೆಯುವುದು ಪೂರ್ವ ಆಫ್ರಿಕದ ಎತ್ತರದ ನೆಲಗಳಲ್ಲಿ. ಅದನ್ನು ಬೆಳೆಯಾಗಿ ಪಳಗಿಸಿದವರು ಅಲ್ಲಿನ ರೈತರು. ಸಾವಿರಾರು ವರ್ಷಗಳ ಹಿಂದೆ ಅದು ಕಡಲು ದಾಟಿ ಈ ಕಡೆಗೆ ಬಂದಿತು. ಎರಡನೆಯ ಸಲ ಅದು ಬಂದದ್ದು ಪ್ರಯೋಗಶಾಲೆಯ ದಾರಿಯಲ್ಲಿ. ರಾಗಿ ಲಕ್ಷ್ಮಣಯ್ಯನೆಂದೇ ಹೆಸರಾದ ವಿಜ್ಞಾನಿ ಮಂಡ್ಯದ ವಿ.ಸಿ. ಫಾರಂನಲ್ಲಿ ಆಫ್ರಿಕದ ತಳಿಗಳನ್ನು ಭಾರತದ ತಳಿಗಳೊಂದಿಗೆ ಸಂಕರಗೊಳಿಸಿ ಪಡೆದ ಇಂಡಾಫ್ ತಳಿಗಳು 1970ರ ದಶಕದಲ್ಲಿ ರೈತರ ಹೊಲಗಳನ್ನು ಸೇರಿದವು. ಇಂಡಾಫ್ ಎಂಬ ಹೆಸರಿನಲ್ಲಿಯೇ ಇಂಡಿಯಾ ಮತ್ತು ಆಫ್ರಿಕ ಎರಡೂ ಅಡಗಿವೆ. ಹುಳು ಬೀಳದೆ ವರ್ಷಗಟ್ಟಲೆ ಕೆಡದೆ ಉಳಿಯುವ ಗುಣ ರಾಗಿಗೆ ಇರುವುದರಿಂದ, ಹಗೇವಿನಲ್ಲಿ ರಾಗಿ ತುಂಬಿಟ್ಟ ಮೈಸೂರು ಸೀಮೆಯ ರೈತನಿಗೆ ವಂಜಾಲಾ ಎಂಬ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ವಂಗಾ ಬಳಗದ ನೆಲದಲ್ಲಿ 1971ರಲ್ಲಿ ಮುಮಿಯಾಸ್ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1973ರಲ್ಲಿ ಸಕ್ಕರೆ ಹೊರಬಂದಿತು. ಸುತ್ತಲಿನ ಸಣ್ಣ ಹಿಡುವಳಿಗಳಲ್ಲಿ ರಾಗಿ, ಜೋಳ, ಸೊಪ್ಪುಗಳ ಜಾಗಕ್ಕೆ ಕಬ್ಬು ಬಂದಿತು. ಕಬ್ಬು ಅಲ್ಲಿ ಬಲಿಯಲು ಒಂದೂವರೆ ವರ್ಷವೋ ಅದಕ್ಕಿಂತ ಹೆಚ್ಚೋ ಬೇಕು. ಕಟಾವಿನ ದಿನವನ್ನು ಗೊತ್ತುಮಾಡುವುದು ಮಳೆಯಲ್ಲ, ಕಾರ್ಖಾನೆ. ಕಬ್ಬಿನ ಗದ್ದೆಗೆ ವೆಕೆಸಾ ಇಲ್ಲ. ಆದಾಯ ಬಂದದ್ದು ನಿಜ, ಆ ಹಣದಿಂದ ಮಕ್ಕಳು ಓದಿದ್ದೂ ನಿಜ. 2019ರಲ್ಲಿ ಕಂಪನಿ ಸಾಲ ಕೊಟ್ಟ ಬ್ಯಾಂಕಿನ ಹಿಡಿತಕ್ಕೆ ಹೋದಾಗ ಕಬ್ಬನ್ನೇ ನಂಬಿದ್ದ ಮನೆಗಳಲ್ಲಿ ಹಣವೂ ಇರಲಿಲ್ಲ, ಕಣಜದಲ್ಲಿ ಧಾನ್ಯವೂ ಇರಲಿಲ್ಲ. ಹೆಸರುಗಳು ಮಾತ್ರ ಹಾಜರಿ ಪುಸ್ತಕದಲ್ಲಿ ಹಾಗೆಯೇ ಮುಂದುವರಿದಿವೆ.

ಸ್ವಾಹಿಲಿಯ ಮೂಲಕ ಲುಹ್ಯಾ ಊರುಗಳಲ್ಲಿಯೂ ಓಡಾಡುವ ಗಾದೆಗಳಲ್ಲಿ ಗುದ್ದಲಿಯ ಗಾದೆಗಳು ರೈತರಿಗೆ ಬಹಳ ಹತ್ತಿರ. "ಮ್ಚಾಗುವಾ ಜೆಂಬೆ ಸಿ ಮ್ಕುಲಿಮಾ" ಎಂದರೆ, ಗುದ್ದಲಿ ಆರಿಸುತ್ತ ಕೂತವನು ಬೇಸಾಯಗಾರನಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಕನ್ನಡದ ಮಾತು ಇದಕ್ಕೆ ಹತ್ತಿರದ್ದೆಂದು ತೋರುತ್ತದೆ. ಆದರೆ ಎರಡೂ ಒಂದೇ ಅಲ್ಲ. ಕನ್ನಡದ್ದು ಕೆಲಸ ಕೆಟ್ಟ ಮೇಲೆ ಹುಡುಕುವ ನೆಪವನ್ನು ಹಂಗಿಸುತ್ತದೆ. ಆಫ್ರಿಕದ್ದು ಕೆಲಸಕ್ಕೆ ಮುಂಚಿನ ಮಾತು: ಮಳೆ ಬಿದ್ದ ಬೆಳಗ್ಗೆ ನಾಲ್ಕಾರು ಜನ ಕೂಡಿ ಅಗೆಯಲು ಹೊರಟಾಗ ಒಳ್ಳೆಯ ಹಿಡಿಯ ಗುದ್ದಲಿಗಾಗಿ ತಡಕಾಡುವವನು ಬಿತ್ತನೆಯ ಹದವನ್ನೇ ಕಳೆಯುತ್ತಾನೆ. ಹದ ತಪ್ಪಿದರೆ ಏನಾಗುತ್ತದೆಂಬುದು ಮಳೆಯಾಧಾರಿತ ಬೇಸಾಯ ಮಾಡಿದವರಿಗೆ ಗೊತ್ತು.

ಇನ್ನೊಂದು, "ಮ್ಗೆನಿ ಸಿಕು ಮ್ಬಿಲಿ, ಸಿಕು ಯಾ ತಾತು ಮ್ಪೆ ಜೆಂಬೆ". ನೆಂಟನಿಗೆ ಎರಡು ದಿನ ಉಪಚಾರ, ಮೂರನೆಯ ದಿನ ಕೈಗೆ ಗುದ್ದಲಿ. ತಾಂಜಾನಿಯಾದ ನಾಯಕ ಜೂಲಿಯಸ್ ನ್ಯೆರೆರೆ 1962ರಲ್ಲಿ ತಮ್ಮ ಉಜಮಾ ತತ್ತ್ವವನ್ನು ವಿವರಿಸುವಾಗ ಈ ಗಾದೆಯನ್ನು ಮುಂದಿಟ್ಟರು; ದುಡಿಯದೆ ಉಣ್ಣುವವರಿಗೆ ಹಳೆಯ ಆಫ್ರಿಕದಲ್ಲಿ ಜಾಗವಿರಲಿಲ್ಲವೆಂಬುದು ಅವರ ವಾದ. ಆದರೆ ಗಾದೆಯನ್ನು ಜಿಪುಣತನದ ಮಾತೆಂದೋ ಸೋಮಾರಿಗಳಿಗೆ ಬೈಗುಳವೆಂದೋ ಓದಿದರೆ ಅದರ ಅರ್ಧ ಸೊಗಸು ಹೋಗುತ್ತದೆ. ಗುದ್ದಲಿ ಕೊಡುವುದೆಂದರೆ ಹೊರಗಿನವನನ್ನು ಮನೆಯವನಾಗಿ ಎಣಿಸುವುದೂ ಹೌದು. ಜಗಲಿಯ ಮೇಲೆಯೇ ಕೂರಿಸಿ ಇನ್ನೂ ಉಪಚರಿಸುತ್ತಿದ್ದರೆ ಅವನು ಇನ್ನೂ ಹೊರಗಿನವನೇ.

"ಉಸಿಪೊಜಿಬಾ ಉಫಾ ಉತಜೆಂಗಾ ಉಕುತಾ", ಬಿರುಕು ಮುಚ್ಚದಿದ್ದರೆ ಗೋಡೆಯನ್ನೇ ಕಟ್ಟಬೇಕಾದೀತು. ಮಣ್ಣಿನ ಗೋಡೆಯ ಮನೆಗಳ ಮಾತಿದು. ಮಳೆಗೆ ಮುಂಚೆ ಗೋಡೆ ಸಾರಿಸಿದ ಕೈಗಳಿಗೆ ಮೊದಲು ಹೊಳೆದಿರಬೇಕು. ವಿಹಿಗಾದಂಥ ಇಳಿಜಾರಿನ ಜಿಲ್ಲೆಯಲ್ಲಿ ಇದನ್ನು ಮನೆಗೋಡೆಗೆ ಮಾತ್ರವಲ್ಲ, ಹೊಲಕ್ಕೂ ಅನ್ವಯಿಸಬಹುದು. 2019ರಲ್ಲಿ ಅಲ್ಲಿ ಚದರ ಕಿಲೋಮೀಟರಿಗೆ ಸಾವಿರಕ್ಕೂ ಹೆಚ್ಚು ಜನರಿದ್ದರು. ತುಂಡಾಗುತ್ತ ಬಂದ ಹಿಡುವಳಿಗಳಲ್ಲಿ ಬದು ಹಾಕಲೂ ಜಾಗ ಸಾಲದು. ಮೊದಲ ವರ್ಷ ಬೆರಳಗಲದ ಕೊರಕಲು, ಕೆಲವೇ ಮಳೆಗಾಲಗಳಲ್ಲಿ ಆಳು ಮುಳುಗುವ ಕಮರಿ. ಮೊದಲ ವರ್ಷವೇ ಅಡ್ಡಲಾಗಿ ಹುಲ್ಲು ನೆಟ್ಟರೆ ಮಣ್ಣು ನಿಲ್ಲುತ್ತದೆ.

ಈ ಮಾತುಗಳು ಎಲ್ಲರ ಬಾಯಲ್ಲಿಯೂ ಒಂದೇ ತೂಕದವಲ್ಲ. ಬುಕುಸು ಬಳಗದಲ್ಲಿ ಹಿರಿಯನೊಬ್ಬ ಸತ್ತರೆ, ಶವಸಂಸ್ಕಾರದ ಅನಂತರ ಕುಮುಸೆ ಎಂಬ ದೊಡ್ಡ ಸಭೆ ನಡೆಯುತ್ತದೆ. ಕೋಲು ಹಿಡಿದ ಮಾತುಗಾರನೊಬ್ಬ ಜನರ ನಡುವೆ ಬಿಟ್ಟ ಹಾದಿಯಲ್ಲಿ ಅತ್ತಿಂದಿತ್ತ ನಡೆಯುತ್ತ ಕುಲದ ಚರಿತ್ರೆ ಹೇಳುತ್ತಾನೆ, ಬದುಕಿರುವವರ ತಪ್ಪುಗಳನ್ನು ಗಾದೆಯ ಮುಸುಕಿನಲ್ಲಿ ಎತ್ತಿ ಆಡುತ್ತಾನೆ. ನಡುವೆ ಬಾಯಿ ಹಾಕುವ ಹಕ್ಕು ಯಾರಿಗೂ ಇಲ್ಲ. ಜಗಳಗಂಟ ಅಣ್ಣತಮ್ಮಂದಿರು, ಲಂಚ ತಿಂದ ಮುಖಂಡ ಎಲ್ಲರೂ ತಲೆ ತಗ್ಗಿಸಿ ಕೇಳಬೇಕು. ಹೆಸರು ಹೇಳದೆ ಬೈಯುವ ಕಲೆ ಗಾದೆಗೆ ಇರುವುದರಿಂದಲೇ ಇದು ಸಾಧ್ಯ. ಈ ಸ್ಥಾನ ಗಂಡಸಿಗೆ ಮಾತ್ರ, ಅದೂ ಕೆಲವು ಮನೆತನಗಳವರಿಗೆ ಮಾತ್ರ. ಈ ಸಂಗತಿಯನ್ನು ಇಲ್ಲಿ ನೆನಪಿಟ್ಟುಕೊಂಡರೆ ಮುಂದಿನ ಮಾತಿಗೆ ಉಪಯೋಗವಾಗುತ್ತದೆ.

ನೆಲಕ್ಕೂ ಮಾತಿಗೂ ಇರುವ ನಂಟು ಅತ್ಯಂತ ಸ್ಪಷ್ಟವಾಗಿ ಕಾಣುವುದು ಬನ್ಯೋರೆ ಬಳಗದಲ್ಲಿ. ವಿಹಿಗಾ ಜಿಲ್ಲೆಯ ಬನ್ಯೋರೆ ಸೀಮೆಯ ನ್ಗಾನ್ಯಿ ಎಂಬ ಮನೆತನದವರು ತಲೆತಲಾಂತರದಿಂದ ಮಳೆ ಹೇಳುವವರು. ಮಿಷನರಿಗಳ ಕಣ್ಣಿಗೆ ಅವರು ಮಾಟಗಾರರಾಗಿದ್ದರು. ಅವರ ಪೂಜಾಸ್ಥಾನಗಳೆಂದರೆ ಗುಡಿಗಳಲ್ಲ, ಊರಿನ ನಡುವೆ ಉಳಿಸಿಕೊಂಡ ಪುಟ್ಟ ಕಾಡಿನ ತುಣುಕುಗಳು; ಕೊಡಗು ಮಲೆನಾಡಿನವರು ದೇವರಕಾಡು ಎನ್ನುವಂಥವು. ಸುತ್ತಲಿನ ನೆಲವೆಲ್ಲ ಹೊಲವಾಗಿ ಹೋದರೂ ಈ ತುಣುಕುಗಳಲ್ಲಿ ನಾಡಿನ ಹಳೆಯ ಮರಗಳು ಉಳಿದಿವೆ. ಯಾವ ಮರ ಯಾವಾಗ ಹೂ ಬಿಟ್ಟಿತು, ಯಾವುದು ಎಲೆ ಉದುರಿಸಿ ಚಿಗುರಿತು, ಹಕ್ಕಿಗಳು ಮತ್ತು ಕೀಟಗಳು ಹೇಗೆ ನಡೆದುಕೊಂಡವು, ಗಾಳಿ ಎತ್ತಣಿಂದ ತಿರುಗಿತು ಎಂಬುದನ್ನೆಲ್ಲ ಕಂಡು ಅವರು ಬಿತ್ತನೆಯ ಕಾಲವನ್ನು ಹೇಳುತ್ತಾರೆ.

2008ರ ಸುಮಾರಿಗೆ ಕೀನ್ಯಾದ ಹವಾಮಾನ ಇಲಾಖೆ ಮತ್ತು ನೈರೋಬಿಯಲ್ಲಿರುವ ಪೂರ್ವ ಆಫ್ರಿಕದ ಹವಾಮಾನ ಕೇಂದ್ರದ ವಿಜ್ಞಾನಿಗಳು ಈ ಮನೆತನದ ಹಿರಿಯರೊಂದಿಗೆ ಕುಳಿತು ಮಾತನಾಡಿದರು. ಮಳೆಗಾಲಕ್ಕೆ ಮುನ್ನ ಇಬ್ಬರೂ ತಮ್ಮ ತಮ್ಮ ಮುನ್ಸೂಚನೆಯನ್ನು ಮುಂದಿಟ್ಟು, ಚರ್ಚಿಸಿ, ಒಮ್ಮತದ ಒಂದು ಮಾತನ್ನು ರೈತರಿಗೆ ತಲುಪಿಸುವ ಏರ್ಪಾಡು ಆಯಿತು. ಉಪಗ್ರಹದ ಚಿತ್ರ ಇಡೀ ಸೀಮೆಯ ಮಾತು ಹೇಳುತ್ತದೆ. ಈ ಗುಡ್ಡದ ಈ ಪಕ್ಕದ ಮಾತು ಹೇಳುವುದಕ್ಕೆ ಇಲ್ಲಿನ ಮರವೇ ಬೇಕು. ಇಲಾಖೆಯ ಮಾತನ್ನು ನಂಬದ ರೈತ ಹಿರಿಯರ ಮಾತನ್ನು ನಂಬುತ್ತಾನೆಂಬುದೂ ಒಂದು ಲಾಭ. ಪ್ರಾಚೀನ ಜ್ಞಾನದ ಹೆಸರಿನಲ್ಲಿ ಎಲ್ಲವನ್ನೂ ತಲೆಯ ಮೇಲೆ ಹೊತ್ತುಕೊಳ್ಳುವುದಕ್ಕಿಂತಲೂ, ಎಲ್ಲವನ್ನೂ ಮೂಢನಂಬಿಕೆಯೆಂದು ತಳ್ಳುವುದಕ್ಕಿಂತಲೂ ಇದು ಕಷ್ಟದ ದಾರಿ. ಏಕೆಂದರೆ ಇಲ್ಲಿ ಇಬ್ಬರೂ ತಾವು ತಪ್ಪಾಗಬಹುದೆಂದು ಒಪ್ಪಿ ಕೂರಬೇಕು.

ಆದರೆ ಇಲ್ಲಿ ಅಪಾಯವೊಂದಿದೆ. ಹೂವಿನ ಗುರುತಿನ ಮೇಲೆ ನಿಂತ ಮಾತಿಗೆ ಹೂ ಬಿಡುವ ಮರ ಬೇಕು. ಕಾಡಿನ ತುಣುಕು ಕಡಿದು ನೀಲಗಿರಿ ನೆಟ್ಟ ಮೇಲೆ ಮಳೆಯ ಮಾತುಗಳನ್ನೆಲ್ಲ ಧ್ವನಿಮುದ್ರಿಸಿ, ಅಚ್ಚು ಹಾಕಿ, ಗ್ರಂಥಾಲಯದಲ್ಲಿ ಇಟ್ಟರೂ ಅವುಗಳಿಂದ ಒಂದು ಹಿಡಿ ಬೀಜವನ್ನೂ ಸರಿಯಾದ ದಿನ ಬಿತ್ತಲಾಗದು. ಹವೆಯೇ ಬದಲಾಗಿ ಮರಗಳು ಅಕಾಲದಲ್ಲಿ ಹೂ ಬಿಡತೊಡಗಿದರೆ ಮಾತೂ ದಾರಿ ತಪ್ಪುತ್ತದೆ. ಅದನ್ನು ತಿದ್ದಿಕೊಳ್ಳಲು ಪ್ರತಿವರ್ಷ ಮರದ ಬುಡದಲ್ಲಿ ನಿಂತು ನೋಡುವ ಕಿರಿಯರು ಬೇಕು. ಗಾದೆ ಸಂಗ್ರಹಿಸುವ ಉತ್ಸಾಹಿಗಳು ಎಲ್ಲೆಡೆ ಇದ್ದಾರೆ, ಅವರ ಶ್ರಮ ದೊಡ್ಡದು. ಮರ ಕಾಯುವವರ ಸಂಖ್ಯೆ ಅಷ್ಟಿಲ್ಲ.

ಹಾಗೆಂದು ಹಳೆಯ ಮಾತುಗಳೆಲ್ಲ ಕಾಡು ಕಾಯುವ ಮಾತುಗಳೇನಲ್ಲ. ಲುಹ್ಯಾ ಹೆಂಗಸರು ಕೋಳಿಯ ಮಾಂಸ ತಿನ್ನಬಾರದೆಂಬ ಕಟ್ಟಳೆ ಹಿಂದೆ ಇತ್ತು. ಕೋಳಿ ಸಾಕುವವರು ಹೆಂಗಸರು, ಬೇಯಿಸುವವರೂ ಅವರೇ. ತಿನ್ನುವವರು ಗಂಡಸರು ಮತ್ತು ನೆಂಟರು. ಇದರಲ್ಲಿ ಯಾವ ಗೂಢ ವಿವೇಕವೂ ಇಲ್ಲ. ಹೆಂಗಸರ ಪಾಲಿಗೆ ಉಳಿದದ್ದು ಸೊಪ್ಪು: ಅಲಸಂದೆಯ ಎಲೆ, ಗಣಿಕೆ, ಹರಿವೆ, ಸೆಣಬಿನ ಜಾತಿಯ ಲೋಳೆ ಸೊಪ್ಪು. ಕೃಷಿ ಇಲಾಖೆಗಳು ಬಹುಕಾಲ ಇವುಗಳಲ್ಲಿ ಹಲವನ್ನು ಕಳೆಗಳೆಂದೇ ಎಣಿಸಿದವು. ವಿಹಿಗಾ ಸೀಮೆಯಲ್ಲಿಯೇ ಹುಟ್ಟಿದ ತೋಟಗಾರಿಕಾ ವಿಜ್ಞಾನಿ ಮೇರಿ ಅಬುಕುಟ್ಸಾ ಒನ್ಯಾಂಗೋ ಅವರು ಚಿಕ್ಕಂದಿನಲ್ಲಿ ಹಾಲು, ಮೊಟ್ಟೆ, ಮೀನು ಒಗ್ಗದೆ ಈ ಸೊಪ್ಪುಗಳನ್ನೇ ಉಂಡು ಬೆಳೆದವರು. ಮುಂದೆ ಅವುಗಳ ಬೀಜ, ಪೋಷಕಾಂಶ, ಬೇಸಾಯ ಕ್ರಮಗಳ ಅಧ್ಯಯನವನ್ನೇ ಜೀವನದ ಕೆಲಸ ಮಾಡಿಕೊಂಡರು. 2010ರಲ್ಲಿ ಆಫ್ರಿಕಾ ಒಕ್ಕೂಟದ ವೈಜ್ಞಾನಿಕ ಪ್ರಶಸ್ತಿ ಅವರಿಗೆ ಸಂದಿತು. ಕಳೆಯೆಂಬ ಹೆಸರೂ ಒಂದು ನಾಣ್ಣುಡಿಯೇ. ಅದನ್ನು ಹೇಳಿದವರು ಅಜ್ಜಿಯರಲ್ಲ, ಓದಿದವರು.

ಎಲ್ಲಕ್ಕಿಂತ ಕಠಿಣವಾದ ಮಾತು ಮರದ ಮೇಲೆಯೇ ಇತ್ತು. ಹೆಂಗಸು ಮರ ನೆಟ್ಟರೆ ಬಂಜೆಯಾಗುತ್ತಾಳೆ, ಇಲ್ಲವೇ ಗಂಡ ಸಾಯುತ್ತಾನೆ. 1980ರ ದಶಕದಲ್ಲಿ ಕಾಕಮೆಗಾದಲ್ಲಿ ಸೌದೆಯ ಅಭಾವವನ್ನು ನೀಗಿಸಲು ಕೀನ್ಯಾ ಸೌದೆ ಅಭಿವೃದ್ಧಿ ಯೋಜನೆಯೊಂದು ಕೆಲಸ ಮಾಡಿತು. ನೋಯೆಲ್ ಚವಾಂಗಿ ಮೊದಲಾದ ಸಂಶೋಧಕರು ಹೊಲಗಳನ್ನು ಅಳೆದು ನೋಡಿದಾಗ ವಿಚಿತ್ರವೊಂದು ಕಂಡಿತು: ಹಿಡುವಳಿಗಳಲ್ಲಿ ಮರಗಳು ಬೇಕಾದಷ್ಟಿದ್ದವು, ಒಲೆಗೆ ಮಾತ್ರ ಸೌದೆ ಇರಲಿಲ್ಲ. ಮರಗಳು ಗಂಡಸರವು, ಮಾರುವುದಕ್ಕೆ ಮತ್ತು ಮನೆ ಕಟ್ಟುವುದಕ್ಕೆ, ಒಲೆ ಹೆಂಗಸರದು. ಹೆಂಗಸು ಏಕೆ ಮರ ನೆಡಬಾರದೆಂದರೆ, ಅಲ್ಲಿ ಮರ ನೆಡುವುದೆಂದರೆ ನೆಲದ ಮೇಲೆ ಹಕ್ಕು ಹೂಡುವುದು. ಬೇರೆ ಕುಲದಿಂದ ಮದುವೆಯಾಗಿ ಬಂದ ಸೊಸೆಗೆ ಆ ಹಕ್ಕು ಇರಬಾರದು. ಗಂಡನ ಸಾವಿನ ಭಯವನ್ನು ತೋರಿಸಿದ ಆ ಮಾತು ಕಾಯುತ್ತಿದ್ದುದು ಗಂಡನ ಪ್ರಾಣವನ್ನಲ್ಲ, ಜಮೀನನ್ನು.

ಸಸಿ ಹಂಚಿ ಲೆಕ್ಕ ಬರೆದುಕೊಳ್ಳುವ ಇಲಾಖೆಗಳು ಎಲ್ಲ ದೇಶಗಳಲ್ಲಿಯೂ ಇವೆ. ಅಂಥದೊಂದು ಇಲ್ಲಿಗೆ ಬಂದಿದ್ದರೆ ಹೆಂಗಸರ ಕೈಗೆ ನೀಲಗಿರಿ ಸಸಿ ಕೊಟ್ಟು, ನೆಡಲಿಲ್ಲವೆಂದು ದೂರಿ, ಹಿಂದಿರುಗಿ ಹೋಗುತ್ತಿತ್ತು. ಕಾಕಮೆಗಾದವರು ಮೊದಲು ಮಾತನ್ನು ಕೇಳಿಸಿಕೊಂಡರು. ನಿಷೇಧವಿದ್ದದ್ದು ಮರಕ್ಕೆ. ಅಗಸೆಯ ಜಾತಿಗೆ ಸೇರಿದ ಸೆಸ್ಬೇನಿಯಾ ಸೆಸ್ಬಾನ್ ಎಂಬ ಗಿಡ ಆ ಸೀಮೆಯ ಹೊಲಗಳಲ್ಲಿ ತಾನಾಗಿ ಏಳುತ್ತದೆ. ಬೇಗ ಬೆಳೆಯುತ್ತದೆ, ಬೇರಿನ ಗಂಟುಗಳಿಂದ ಮಣ್ಣಿಗೆ ಸಾರಜನಕ ಸೇರಿಸುತ್ತದೆ, ಒಂದೆರಡು ವರ್ಷಕ್ಕೆ ಕಡಿದು ಒಲೆಗೆ ಹಾಕಬಹುದು. ಅದನ್ನು ಯಾರೂ ಮರವೆಂದು ಎಣಿಸುತ್ತಿರಲಿಲ್ಲ, ಅದು ಪೊದೆ. ಪೊದೆಯನ್ನು ಹೆಂಗಸರು ಬೆಳೆಸಬಹುದಾಗಿತ್ತು, ಕಡಿಯಬಹುದಾಗಿತ್ತು, ಅದರಿಂದ ಯಾರ ಗಂಡನಿಗೂ ಅಪಾಯವಿರಲಿಲ್ಲ. ಯೋಜನೆ ಆ ಸಂದಿನಲ್ಲಿಯೇ ನುಗ್ಗಿತು. ಇದನ್ನು ಜಾಣತನವೆಂದು ಹೊಗಳುವವರಿದ್ದಾರೆ. ಅನ್ಯಾಯವನ್ನು ಮುಟ್ಟದೆ ಪಕ್ಕದಿಂದ ಹಾದುಹೋದದ್ದೆಂದು ಆಕ್ಷೇಪಿಸುವವರೂ ಇರಬಹುದು. ಎರಡರಲ್ಲಿಯೂ ಸತ್ಯವಿದೆ. ಸಂಜೆಗೆ ಒಲೆ ಹೊತ್ತಿಸಬೇಕಾದವಳಿಗೆ ಮೊದಲನೆಯದು ಹೆಚ್ಚು ಹತ್ತಿರ.

ಅನಂತರದ ದಶಕಗಳಲ್ಲಿ ಆ ನಿಷೇಧದ ಬಿಗಿ ಸಡಿಲುತ್ತ ಬಂದಿದೆ. 2010ರಲ್ಲಿ ಕೀನ್ಯಾ ಒಪ್ಪಿಕೊಂಡ ಹೊಸ ಸಂವಿಧಾನದ 60ನೆಯ ವಿಧಿ, ಭೂಮಿಗೆ ಸಂಬಂಧಿಸಿದ ಕಾನೂನು, ರೂಢಿ ಮತ್ತು ಆಚರಣೆಗಳಲ್ಲಿ ಹೆಣ್ಣು ಗಂಡೆಂಬ ಭೇದವನ್ನು ತೊಡೆದುಹಾಕಬೇಕೆಂದು ಹೇಳುತ್ತದೆ. ರೂಢಿ ಎಂಬ ಪದವನ್ನು ಅದರಲ್ಲಿ ಬೇಕೆಂದೇ ಸೇರಿಸಲಾಗಿದೆ. ಆದರೂ ಪಶ್ಚಿಮ ಕೀನ್ಯಾದ ಊರುಗಳಲ್ಲಿ ತಂದೆಯ ಜಮೀನು ಗಂಡುಮಕ್ಕಳಲ್ಲಿಯೇ ಹಂಚಿಹೋಗುವುದು ಇನ್ನೂ ನಿಂತಿಲ್ಲ, ಮತ್ತು ಪ್ರತಿ ಹಂಚಿಕೆಯಲ್ಲಿಯೂ ತುಂಡುಗಳು ಚಿಕ್ಕದಾಗುತ್ತಲೇ ಇವೆ.